ನಾಲ್ಕನೇ ಆಸನದ ಜೋಳ

ಪ್ರಭುಲಿಂಗ ಸತ್ತ ಹದಿನೆಂಟನೆಯ ದಿನ ಮತ್ತೆ ಕೆಲಸಕ್ಕೆ ಹೊರಟ.

ಅದನ್ನು ಮೊದಲು ಕಂಡವಳು ಅವನ ಹೆಂಡತಿ ಶಿವಲೀಲಾ. ನವನಗರದ ಸಹಗಾಡಿ ನಿಯಂತ್ರಣ ಕೋಣೆಯಲ್ಲಿ, ಗೋಡೆಯಗಲದ ಪರದೆಯೆದುರು ಅವಳ ಮೇಜು. ಬೆಳಗ್ಗೆ ಆರರಿಂದ ಎರಡರವರೆಗೆ ಪಾಳಿ. ಏಳು ನಲವತ್ತಕ್ಕೆ ಹುಬ್ಬಳ್ಳಿಯ ಹೊಸೂರು ಸರ್ಕಲ್ಲಿನಿಂದ ನಾನೂರ ಹದಿನೇಳನೆಯ ಗಾಡಿ ಹೊರಟಿತು. ಒಳಗೆ ನಾಲ್ಕು ಹಸಿರು ಚುಕ್ಕೆ. ನಾಲ್ಕನೆಯದು ಅವನದು. ಅವಳು ಚಹಾದ ಲೋಟ ಕೆಳಗಿಡಲಿಲ್ಲ, ಕೂಗಲಿಲ್ಲ, ಎದ್ದು ನಿಲ್ಲಲಿಲ್ಲ. ಚುಕ್ಕೆ ಉಣಕಲ್ ಕೆರೆ ದಾಟಿತು, ನವನಗರದಲ್ಲಿ ಅವಳು ಕೂತಿದ್ದ ಕಟ್ಟಡದ ಮುಂದೆಯೇ ಹಾದು ಧಾರವಾಡದ ಕಡೆ ಹೋಯಿತು. ಅವಳು ಚಹಾ ಮುಗಿಸಿದಳು. ಏನೂ ಅನಿಸಲಿಲ್ಲ. ಆ ಹದಿನೆಂಟು ದಿನಗಳಿಂದ ಅವಳಿಗೆ ಏನೂ ಅನಿಸಿರಲಿಲ್ಲ.

ಸಹಗಾಡಿ ಅಂದರೇನು ಅಂತ ಈಗಿನವರಿಗೆ ಹೇಳಬೇಕಿಲ್ಲ, ಆದರೂ ಹೇಳಿಬಿಡುತ್ತೇನೆ. ಅವಳಿ ನಗರದ ರಸ್ತೆಯಲ್ಲಿ ಒಬ್ಬೊಬ್ಬರೇ ಕಾರಿನಲ್ಲಿ ಕೂತು ಹೋಗುವುದನ್ನು ಸರಕಾರ ನಿಲ್ಲಿಸಿದ ಮೇಲೆ ಬಂದದ್ದು ಅದು. ಚಾಲಕನಿಲ್ಲದ ಗಾಡಿ, ನಾಲ್ಕೇ ಆಸನ, ನಾಲ್ಕೂ ತುಂಬಿದರೆ ಮಾತ್ರ ಚಲಿಸುತ್ತದೆ. ಆ ನಾಲ್ವರನ್ನು ಕೂಟ ಅನ್ನುತ್ತಾರೆ. ಪ್ರತಿಯೊಬ್ಬರ ಕೈಗೂ ಒಂದು ನಾಡಿಬಳೆ. ಗಂಡಸರಿಗೆ ಬಳೆ ತೊಡಿಸಿದರಲ್ಲಪ್ಪಾ ಎಂದು ಮೊದಮೊದಲು ಹುಬ್ಬಳ್ಳಿಯ ಕಟ್ಟೆಕಟ್ಟೆಯ ಮೇಲೂ ನಗೆಯೋ ನಗೆ. ಬಳೆ ನಾಡಿ ಓದುತ್ತದೆ, ಆಸನ ತೂಕ ಓದುತ್ತದೆ. ಒಟ್ಟಿಗೆ ಕೂತವರ ನಾಡಿಗಳು ನಿಧಾನವಾಗಿ ಒಂದೇ ಲಯಕ್ಕೆ ಇಳಿದರೆ ಅವರು ಕಾರ್ಖಾನೆಯಲ್ಲಿ ಯಂತ್ರಕ್ಕೆ ಬೆರಳು ಕೊಡುವುದು ಕಡಿಮೆ, ತಪ್ಪು ಕಡಿಮೆ, ರಜೆ ಕಡಿಮೆ ಎಂದು ಯಾರೋ ವಿಜ್ಞಾನಿಗಳು ಕಂಡುಹಿಡಿದರು. ಆ ಲಯಕ್ಕೆ ನೂರರೊಳಗೆ ಒಂದು ಅಂಕಿ ಕೊಟ್ಟು ಹೊಂದಿಕೆ ಎಂದು ಹೆಸರಿಟ್ಟರು. ಹೊಂದಿಕೆ ಇಲ್ಲದ ಕೂಟವನ್ನು ಮೂರು ತಿಂಗಳಿಗೊಮ್ಮೆ ಒಡೆದು ಬೇರೆಯವರ ಜೊತೆ ಕೂರಿಸುತ್ತಾರೆ. ನಾಲ್ವರಲ್ಲಿ ಒಬ್ಬರು ಕಡಿಮೆಯಾದರೆಂದು ದಾಖಲಾದರಂತೂ ಅಂದೇ ಒಡೆಯುತ್ತದೆ.

ಯಾರು ಕಡಿಮೆಯಾದರು ಎಂದು ದಾಖಲಿಸುವುದೇ ಶಿವಲೀಲಾಳ ಕೆಲಸ. ಅದಕ್ಕೆ ಆಸನ ಮುಚ್ಚುವುದು ಅನ್ನುತ್ತಾರೆ. ಕೆಲಸ ಬಿಟ್ಟವರು, ವರ್ಗವಾದವರು, ಸತ್ತವರು. ಆರು ವರ್ಷದಲ್ಲಿ ಅವಳು ನೂರಾರು ಆಸನ ಮುಚ್ಚಿದ್ದಳು, ಒಂದು ಗುಂಡಿ ಒತ್ತಿದರೆ ಮುಗಿಯಿತು. ಆದರೆ ಮುಚ್ಚಬೇಕಾದರೆ ಸತ್ತವನ ಬಳೆ ಕಾರ್ಖಾನೆಯಲ್ಲಿರುವ ಸಹಗಾಡಿಯ ಕಿಟಕಿಗೆ ವಾಪಸು ಬಂದಿರಬೇಕು, ಇಲ್ಲವೇ ಮೇಜಿನವರಿಗೆ ಖಾತ್ರಿಯಾಗಿ ಗೊತ್ತಿರಬೇಕು. ಕಾರ್ಖಾನೆಯ ಹಾಜರಿಪಟ್ಟಿಗೂ ಸಹಗಾಡಿಗೂ ಸಂಪರ್ಕವಿಲ್ಲ. ಪ್ರಭುಲಿಂಗನ ವಿಷಯದಲ್ಲಿ ಅವಳಿಗಿಂತ ಖಾತ್ರಿ ಇನ್ನಾರಿಗಿದ್ದೀತು? ರವಿವಾರ ಮಧ್ಯಾಹ್ನ ಉಂಡು ಅಡ್ಡಾದವನು ಏಳಲಿಲ್ಲ. ಎಬ್ಬಿಸಲು ಹೋದವಳೇ ಅವಳು.

ಏನು ನಡೆದಿದೆ ಎಂದು ತಿಳಿಯಲು ಅವಳಿಗೆ ಬಹಳ ಹೊತ್ತು ಬೇಕಾಗಲಿಲ್ಲ. ನಾಲ್ಕು ನಾಡಿಗೆರೆಗಳನ್ನು ಪರದೆಯ ಮೇಲೆ ಒಂದರ ಕೆಳಗೊಂದು ತೆರೆದಳು. ಮೊದಲನೆಯದು ಕಸ್ತೂರಿಯದು, ಎರಡನೆಯದು ವಿಠ್ಠಲಸಾನದು, ಮೂರನೆಯದು ದಾವಲಸಾಬನದು. ನಾಲ್ಕನೆಯದೂ ದಾವಲಸಾಬನದೇ. ಮೂರರ ಮೇಲೆ ನಾಲ್ಕನ್ನು ಇಟ್ಟರೆ ಒಂದು ಕೂದಲೆಳೆ ಆಚೀಚೆ ಇಲ್ಲ. ಬಲಗೈಗೊಂದು ಎಡಗೈಗೊಂದು ಬಳೆ ತೊಟ್ಟು ಹೊರಟಿದ್ದಾನೆ ಪುಣ್ಯಾತ್ಮ. ಈ ಮೂವರೂ ಧಾರವಾಡದಾಚೆಯ ಬೇಲೂರು ಕೈಗಾರಿಕಾ ವಸಾಹತಿನ ಪಂಪು ಕಾರ್ಖಾನೆಯಲ್ಲಿ ಗಂಡನ ಜೊತೆಯವರು, ಒಂಬತ್ತು ವರ್ಷ ಅದೇ ಗಾಡಿಯಲ್ಲಿ ಕೂತವರು. ಸಾವಿನ ನಂತರದ ಶಿವಗಣಾರಾಧನೆಯ ಊಟಕ್ಕೆ ಮನೆಗೆ ಬಂದಾಗ ದಾವಲಸಾಬನ ಕೈಗೆ ಬಳೆ ಕೊಟ್ಟು, ಕಾರ್ಖಾನೆಗೆ ಮುಟ್ಟಿಸಿಬಿಡು ಅಣ್ಣಾ ಎಂದವಳು ಅವಳೇ.

ಮುಚ್ಚಬೇಕಿತ್ತು. ಮುಚ್ಚಲಿಲ್ಲ. ನಾಳೆ ಮುಚ್ಚಿದರಾಯಿತು ಅಂದುಕೊಂಡಳು. ಮರುದಿನ ಏಳು ನಲವತ್ತಕ್ಕೆ ಚುಕ್ಕೆ ಮತ್ತೆ ಹೊರಟಿತು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಗಂಡ ಅಷ್ಟು ನಿಯಮಿತವಾಗಿ ಕಣ್ಣೆದುರು ಬಂದದ್ದೇ ಇಲ್ಲ. ಅವಳು ಹೊರಡುವಾಗ ಅವನು ಮಲಗಿರುತ್ತಿದ್ದ, ಅವನು ಬರುವಾಗ ಅವಳಿಗೆ ತೂಕಡಿಕೆ. ಈಗ ದಿನಾ ಬೆಳಗ್ಗೆ ಮೂವತ್ತೆಂಟು ನಿಮಿಷ ಅವನು ಅವಳ ಕಣ್ಣ ಮುಂದೆ. ಆ ಚುಕ್ಕೆ ಆರಿದರೆ ಅವನು ಇನ್ನೆಲ್ಲೂ ಇಲ್ಲ. ಆ ಕೋಣೆಯಲ್ಲಿ ಇದು ಗೊತ್ತಿದ್ದವಳು ಅವಳೊಬ್ಬಳೇ. ಹೀಗೆ ನಾಲ್ಕು ತಿಂಗಳಾದವು.

ಮನೆಯಲ್ಲಿ ಅತ್ತೆ ನೀಲವ್ವ. ಎಪ್ಪತ್ತೆಂಟು ವರ್ಷ, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮಗನಿಗೆ ಅಳುವಷ್ಟು ಅತ್ತು ಅವಳು ಹಗುರಾಗಿದ್ದಳು. ಸೊಸೆ ಅಳಲಿಲ್ಲ ಎಂಬುದೇ ಅವಳ ಚಿಂತೆ. ಇನ್ನೊಂದು ಚಿಂತೆ ರೊಟ್ಟಿಯದು. ಮೊದಲು ನಸುಕಿನ ನಾಲ್ಕೂವರೆಗೆ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಗಂಡನ ಬುತ್ತಿಗೆ ಆರು ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಒಂದು ಪಲ್ಯ ಕಟ್ಟಿಟ್ಟೇ ಶಿವಲೀಲಾ ಪಾಳಿಗೆ ಹೋಗುತ್ತಿದ್ದಳು. ಈಗ ಹಂಚು ಗೋಡೆಗೆ ಆನಿಸಿದ್ದು ಆನಿಸಿದಂತೆಯೇ ಇದೆ. ಓಣಿಯ ಮೂಲೆಯ ಅಂಗಡಿಯಿಂದ ಕಡಕ್ ರೊಟ್ಟಿ ಬರುತ್ತದೆ, ಅತ್ತೆ ಅದನ್ನು ಸಾರಿನಲ್ಲಿ ನೆನೆಸಿ ಹಲ್ಲಿಲ್ಲದ ಬಾಯಲ್ಲಿ ತಿರುವುತ್ತ ಕೂಡುತ್ತಾಳೆ.

"ಅಳಬೇಕ ಯವ್ವಾ," ಎಂದಳು ಒಂದು ದಿನ. "ಒಲಿ ಮ್ಯಾಲಿನ ಹಾಲ ಉಕ್ಕಬೇಕು. ಉಕ್ಕಲಿಲ್ಲಂದ್ರ ತಳಾ ಹತ್ತತದ."

ಶಿವಲೀಲಾ ಹೂಂ ಅಂದು ತಾಟು ತೊಳೆದಿಟ್ಟಳು. ಅತ್ತೆಯ ಮಾತು ನಿಜವೆಂದು ಅವಳಿಗೂ ಗೊತ್ತಿತ್ತು. ಆದರೆ ಹಲ್ಲಿನ ವೈದ್ಯರು ಸೂಜಿ ಹಾಕಿದಾಗ ತನ್ನ ತುಟಿಯನ್ನು ತಾನೇ ಮುಟ್ಟಿದರೆ ಬೇರೆ ಯಾರದೋ ಅನಿಸುತ್ತದಲ್ಲ, ಹಾಗಾಗಿತ್ತು ಅವಳಿಗೆ ಇಡೀ ಮೈ.

ಇತ್ತ ನಿಯಂತ್ರಣ ಕೋಣೆಯಲ್ಲಿ ಒಂದು ಸೋಜಿಗ ನಡೆಯುತ್ತಿತ್ತು. ನಾನೂರ ಹದಿನೇಳರ ಹೊಂದಿಕೆ ಏರತೊಡಗಿತ್ತು. ಪ್ರಭುಲಿಂಗ ಬದುಕಿದ್ದಾಗ ಅದು ಐವತ್ತೆಂಟೋ ಅರವತ್ತೋ ಇರುತ್ತಿತ್ತು, ಇನ್ನೇನು ಒಡೆಯುತ್ತಾರೆ ಎಂಬ ಅಂಚಿನಲ್ಲಿ. ಈಗ ಎಪ್ಪತ್ತೈದು, ಎಂಬತ್ತನಾಲ್ಕು, ಕಡೆಗೆ ತೊಂಬತ್ತಮೂರು. ಅಷ್ಟು ಯಾವ ಊರಿನ ಯಾವ ಗಾಡಿಗೂ ಬಂದದ್ದಿಲ್ಲ. ಮೇಲ್ವಿಚಾರಕ ಅಭಿನಂದನ ಉಪಾಧ್ಯೆ ಎಳೆಯ ಅಧಿಕಾರಿ, ಅಂಕಿ ಕಂಡರೆ ಹಬ್ಬದೂಟ ಕಂಡಷ್ಟು ಸಂತೋಷ. ಯಂತ್ರ ಬರೆದ ಟಿಪ್ಪಣಿಯನ್ನು ಅವನು ಎಲ್ಲರಿಗೂ ಓದಿ ಹೇಳಿದ. ಅದರಲ್ಲಿ ಹೆಸರುಗಳಿಲ್ಲ, ಆಸನದ ಸಂಖ್ಯೆಯಷ್ಟೇ. ಮೂರನೆಯವರ ಮತ್ತು ನಾಲ್ಕನೆಯವರ ನಾಡಿಗಳಲ್ಲಿ ಅಪೂರ್ವ ಐಕ್ಯ. ನಾಲ್ಕನೆಯವರು ಪ್ರಯಾಣದುದ್ದಕ್ಕೂ ಒಮ್ಮೆಯೂ ಮಿಸುಕಿಲ್ಲ, ಮನಸ್ಸಿನ ನೆಮ್ಮದಿ ಅತ್ಯುತ್ತಮ. ನಾಲ್ವರಲ್ಲೂ ನಾಡಿಯ ಅನಗತ್ಯ ಜಿಗಿತಗಳು ಸಂಪೂರ್ಣ ನಿಂತಿವೆ.

ಆ ಕೊನೆಯ ಸಾಲು ಕೇಳಿ ಶಿವಲೀಲಾ ಹಳೆಯ ಗೆರೆಗಳನ್ನು ತೆಗೆದು ನೋಡಿದಳು. ಗಂಡ ಇದ್ದಾಗ ದಿನಾ ಬೆಳಗ್ಗೆ ಏಳು ಐವತ್ತೆರಡಕ್ಕೆ, ಉಣಕಲ್ ಕೆರೆಯ ಹತ್ತಿರ, ನಾಲ್ಕೂ ಗೆರೆ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತಿದ್ದವು. ಗಾಡಿಗೆ ಏನಾದರೂ ಅಡ್ಡ ಬರುತ್ತದೋ ಎಂದು ಅವಳು ಒಮ್ಮೆ ಕೇಳಿದ್ದಳು. ಅಡ್ಡ ಏನೂ ಬರೂದಿಲ್ಲ, ನಾವು ನಗ್ತೀವಿ ಅಷ್ಟೇ, ಅಂದಿದ್ದ. ಯಾಕೆ ಎಂದು ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಈಗ ಕೆರೆಯ ಹತ್ತಿರ ಗೆರೆಗಳು ಕೆರೆಯ ನೀರಿನಷ್ಟೇ ಸಮ. ಯಂತ್ರ ಅದನ್ನು ನೆಮ್ಮದಿ ಎಂದು ಓದಿತ್ತು. ತನ್ನ ಕೈಗೊಂದು ಬಳೆ ತೊಡಿಸಿದರೆ ತನಗೂ ತೊಂಬತ್ತಮೂರೇ ಬರುತ್ತದೆ ಎಂದು ಅವಳಿಗೆ ಅನಿಸಿತು.

ಅಷ್ಟಕ್ಕೇ ನಿಂತಿದ್ದರೆ ಅವಳು ಇನ್ನೂ ನಾಲ್ಕು ತಿಂಗಳು ಆ ಚುಕ್ಕೆ ನೋಡುತ್ತ ಕೂತಿರುತ್ತಿದ್ದಳೋ ಏನೋ. ಆದರೆ ಮುಖ್ಯ ಕಚೇರಿಯಿಂದ ಆದೇಶ ಬಂತು. ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ಅವಳಿ ನಗರದ ಹನ್ನೊಂದು ಸಾವಿರ ಆಸನಗಳನ್ನೂ ನಾನೂರ ಹದಿನೇಳರ ಮಾದರಿಯಲ್ಲಿ ಹೊಸದಾಗಿ ಜೋಡಿಸುವುದು. ಉಪಾಧ್ಯೆ ಹೊಸ ಜೋಡಣೆಯನ್ನು ಪರದೆಗೆ ಹಾಕಿದ. ಯಂತ್ರ ತನಗೆ ತಿಳಿದಷ್ಟನ್ನು ಅಚ್ಚುಕಟ್ಟಾಗಿ ಮಾಡಿತ್ತು. ನಾಡಿ ಜಿಗಿಯುವವರನ್ನೆಲ್ಲ ಒಬ್ಬರಿಂದೊಬ್ಬರಿಗೆ ದೂರ ಮಾಡಿತ್ತು. ರಾಯಾಪುರದ ಔಷಧ ಕಾರ್ಖಾನೆಗೆ ಹೋಗುತ್ತ ದಾರಿಯುದ್ದ ಹಾಡು ಹೇಳುವ ನಾಲ್ವರು ಹೆಣ್ಣುಮಕ್ಕಳು ನಾಲ್ಕು ಗಾಡಿಗೆ. ಜಗಳಾಡುತ್ತಲೇ ಹತ್ತು ವರ್ಷ ಕೂಡಿ ಹೋದ ಇಬ್ಬರು ಅಣ್ಣತಮ್ಮಂದಿರು ಎರಡು ದಿಕ್ಕಿಗೆ. ಪ್ರತಿ ಗಾಡಿಗೂ ಮಿಸುಕದ ಒಬ್ಬರನ್ನು ಹುಡುಕಿ ಹುಡುಕಿ ಕೂರಿಸಿತ್ತು.

ಶಿವಲೀಲಾ ಆ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ತಪ್ಪು ಯಂತ್ರದ್ದಲ್ಲ, ತನ್ನದು. ತನ್ನ ಒಂದು ಚುಕ್ಕೆಗೆ ಇಷ್ಟು ಜನ ಅಗಲಬೇಕು. ತಿಂಗಳು ಮುಗಿಯಲು ಐದು ದಿನ ಇತ್ತು. ಮುಚ್ಚಬೇಕೆಂದು ಅಂದೇ ಗಟ್ಟಿ ಮಾಡಿದಳು. ಆದರೆ ಕೈ ಗುಂಡಿಯ ಮೇಲೆ ಹೋಗಿ ಹೋಗಿ ವಾಪಸು ಬಂತು. ಒಮ್ಮೆ ಅವನ ಜಾಗದಲ್ಲಿ ಕೂತು ಬರಬೇಕು, ಆಮೇಲೆ, ಎಂದುಕೊಂಡಳು.

ಮರುದಿನ ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಿಸಿಕೊಂಡು ಏಳೂವರೆಗೆ ಹೊಸೂರು ಸರ್ಕಲ್ಲಿಗೆ ಹೋದಳು. ಮೂವರೂ ನಿಂತಿದ್ದರು. ವಿಠ್ಠಲಸಾನ ಅಣ್ಣನ ಕಾಳಿನ ಅಂಗಡಿ ಅಲ್ಲೇ ಎದುರಿಗೆ. ಅದರ ಕಟ್ಟೆಯ ಮೇಲೆ ಬಾಯಿ ಹೊಲಿದ ಒಂದು ಜೋಳದ ಚೀಲ. ಅವಳನ್ನು ಕಂಡು ಮೂವರ ಮುಖವೂ ಬಿಳಿಚಿತು. ದಾವಲಸಾಬ ಎಡಗೈಯನ್ನು ಬೆನ್ನ ಹಿಂದೆ ಒಯ್ದ. ಐವತ್ತೆಂಟರ ಗಂಡಸು, ಬೆಲ್ಲ ಕದ್ದವನ ಹಾಗೆ.

"ನನಗ ಗೊತ್ತೈತಿ ದಾವಲಣ್ಣ," ಎಂದಳು ಶಿವಲೀಲಾ. "ಮೊದಲನೇ ದಿನದಿಂದನ ಗೊತ್ತೈತಿ."

ಆಗ ದಾವಲಸಾಬ ಎಲ್ಲ ಹೇಳಿದ. ಬಳೆ ಕೊಡಲು ಕಾರ್ಖಾನೆಯ ಕಿಟಕಿಗೆ ಹೋಗಿದ್ದನಂತೆ. ಕಾರಣ ಏನು ಎಂದು ಕೇಳಿದರು. ಮರಣ ಅನ್ನಲು ಬಾಯಿ ಬರಲಿಲ್ಲ, ತಿರುಗಿ ಬಂದ. ಕಿಸೆಯಲ್ಲಿಟ್ಟರೆ ಕಳೆದೀತು ಎಂದು ಕೈಗೆ ಹಾಕಿಕೊಂಡ. ನಾಲ್ಕನೆಯ ಬಳೆ ಇಲ್ಲದೆ ಅಲ್ಲಿಯವರೆಗೆ ಗಾಡಿ ಬಂದಿರಲಿಲ್ಲ, ಮೂವರೂ ಬಸ್ಸಿಗೆ ಹೋಗುತ್ತಿದ್ದರು. ಮರುದಿನ ಗಾಡಿ ಬಂತು, ಬಾಗಿಲು ತೆರೆಯಿತು, ನಾಲ್ವರೂ ಬಂದಿದ್ದೀರಿ, ಸ್ವಾಗತ ಎಂದಿತು.

"ಇಲ್ಲಾ, ಮೂರ ಮಂದಿ ಅದೀವಿ ಅನ್ನಬೇಕಿತ್ತು," ಎಂದ ದಾವಲಸಾಬ. "ಯಾರ ಅನ್ನಬೇಕು ತಂಗಿ? ನಾ ಅವರ ಮಾರಿ ನೋಡಿದೆ, ಅವರು ನನ್ನ ಮಾರಿ ನೋಡಿದ್ರು. ಯಾರೂ ಅನ್ನಲಿಲ್ಲ."

ನಾಲ್ಕನೆಯವರು ದಯವಿಟ್ಟು ಕುಳಿತುಕೊಳ್ಳಿ ಎಂದು ಗಾಡಿ ಎರಡು ಸಲ ಹೇಳಿತಂತೆ. ಮೂರನೆಯ ಸಲಕ್ಕೆ ವಿಠ್ಠಲಸಾ ಓಡಿ ಹೋಗಿ ಅಣ್ಣನ ಅಂಗಡಿಯ ಜೋಳದ ಚೀಲ ತಂದು ಆಸನದ ಮೇಲೆ ಕುಕ್ಕಿದ, ಕಸ್ತೂರಿ ಅದಕ್ಕೆ ಬೆಲ್ಟು ಬಿಗಿದಳು. ಅಂದಿನಿಂದ ಆ ಜೋಳ ದಿನಾ ಬೇಲೂರಿಗೆ ಹೋಗುತ್ತದೆ, ಕಾರ್ಖಾನೆಯ ಕಾವಲುಗಾರನ ಕೋಣೆಯಲ್ಲಿ ಹಗಲೆಲ್ಲ ಕೂತಿದ್ದು ಸಂಜೆ ಹುಬ್ಬಳ್ಳಿಗೆ ಬರುತ್ತದೆ. ಮೂವರೂ ಅದನ್ನು ಚೀಲ ಎಂದು ಕರೆಯುತ್ತಿರಲಿಲ್ಲ. ಏನೆಂದೂ ಕರೆಯುತ್ತಿರಲಿಲ್ಲ. ಇದೇ ಗಾಡಿಯವರನ್ನು ನೆಮ್ಮದಿಯ ಮಾದರಿ ಎಂದು ಮುಖ್ಯ ಕಚೇರಿ ಊರಿಗೆಲ್ಲ ತೋರಿಸಹೊರಟಿತ್ತು.

ಗಾಡಿ ಬಂತು. ಚೀಲ ಕಟ್ಟೆಯ ಮೇಲೆಯೇ ಉಳಿಯಿತು. ದಾವಲಸಾಬ ಎಡಗೈಯ ಬಳೆ ಬಿಚ್ಚಿ ಕೊಟ್ಟ, ಶಿವಲೀಲಾ ತೊಟ್ಟುಕೊಂಡು ಹಿಂದಿನ ಎಡಗಿಟಕಿಯ ಆಸನದಲ್ಲಿ ಕೂತಳು. ಆಸನದ ಬಟ್ಟೆ ಅವನ ಭುಜ ತಗುಲುತ್ತಿದ್ದ ಎತ್ತರದಲ್ಲಿ ಸವೆದು ನುಣುಪಾಗಿತ್ತು, ಅವಳ ತಲೆ ಅಲ್ಲಿಗೆ ಸರಿಯಾಗಿ ಆನಿತು. ವಿದ್ಯಾನಗರ ದಾಟಿತು. ಕೆರೆ ಕಂಡಿತು. ಮೂವರೂ ಒಟ್ಟಿಗೆ ಕಿಟಕಿಯ ಆಚೆ ಮುಖ ತಿರುಗಿಸಿದ್ದನ್ನು ಅವಳು ನೋಡಿದಳು.

ಇಲ್ಲಿ ಯಾಕ ನಗ್ತಿದ್ರಿ ಎಂದು ಕೇಳಿದಳು.

ಕಸ್ತೂರಿ ಬುತ್ತಿಯ ಗಂಟನ್ನು ತೊಡೆಯ ಮೇಲೆ ಹಿಂಡುತ್ತ ಕೂತಳು. ಆಮೇಲೆ ಹೇಳಿದಳು. ಕೆರೆ ಬಂದ ಕೂಡಲೇ ಪ್ರಭಣ್ಣ ಬುತ್ತಿ ಬಿಚ್ಚುತ್ತಿದ್ದ. ಕಾರ್ಖಾನೆ ಮುಟ್ಟುವವರೆಗೆ ತಡೆಯಲು ಅವರಾರಿಂದಲೂ ಆಗುತ್ತಿರಲಿಲ್ಲ. ರೊಟ್ಟಿ ಇನ್ನೂ ಮೆತ್ತಗಿರುತ್ತಿತ್ತು. ಆರರಲ್ಲಿ ಐದನ್ನು ಇವರೇ ಹರಿದು ತಿನ್ನುತ್ತಿದ್ದರು, ಅವನಿಗೆ ಒಂದೇ ಉಳಿಯುತ್ತಿತ್ತು. ದಿನಾ ಒಂದೇ ಮಾತು ಅವನದು. ನನ್ನ ಹೇಣ್ತಿ ನಸುಕಿನ್ಯಾಗ ಎದ್ದು ಬಡದಾಳ, ಕೈ ಮುಗದು ತಿನ್ನ್ರಿ, ಅನ್ನುತ್ತಿದ್ದ. ಮೂವರೂ ರೊಟ್ಟಿಗೆ ಕೈ ಮುಗಿಯುತ್ತಿದ್ದರು. ಆಮೇಲೆ ಹಿಂಡಿ ಬಾಯಿಗಿಟ್ಟು, ಏನಾರ ಅನ್ನ್ರಿ, ಉಪ್ಪ ಮಾತ್ರ ಕಮ್ಮಿ ಆಗೇತಿ, ಅನ್ನುತ್ತಿದ್ದ. ಒಂಬತ್ತು ವರ್ಷ ದಿನಾ ಅದನ್ನೇ ಅಂದ, ಅವರು ದಿನಾ ನಕ್ಕರು.

"ನಾಕ ತಿಂಗಳಾತ್ರೀ ವೈನಿ," ಎಂದಳು ಕಸ್ತೂರಿ, "ಕೆರಿ ಬಂದ್ರ ನಾವು ಮಾರಿ ಆಕಡೆ ಹೊಳ್ಳಿಸ್ತೀವಿ."

ಆರೂ ತಿಂದೆ ಎಂದು ಅವನು ದಿನಾ ಸಂಜೆ ಡಬ್ಬಿ ತೋರಿಸುತ್ತಿದ್ದ. ಇಷ್ಟು ತಿಂದೂ ಮೈ ಹತ್ತುವುದಿಲ್ಲವಲ್ಲ ಎಂದು ಅವಳು ಗದರುತ್ತಿದ್ದಳು. ಈಗ ಅವಳ ಎದೆಯಲ್ಲಿ ಏನೋ ಒಂದು ಕಿತ್ತು ಬಂದಂತಾಯಿತು. ಅಳು ಬರಲಿಲ್ಲ, ನಗುವೂ ಬರಲಿಲ್ಲ, ಆದರೆ ನಾಡಿ ಮಾತ್ರ ಹುಚ್ಚೆದ್ದು ಕುಣಿಯಿತು. ಕೈಯ ಬಳೆ ಬೆಚ್ಚಗಾಗಿ ಒಮ್ಮೆ ಅದುರಿತು. ಗಾಡಿ ತನ್ನ ಸಿಹಿ ದನಿಯಲ್ಲಿ, ನಾಲ್ಕನೆಯವರು ದಯವಿಟ್ಟು ಶಾಂತರಾಗಿರಿ, ನಿಮ್ಮಿಂದ ಕೂಟದ ಹೊಂದಿಕೆ ಕೆಡುತ್ತಿದೆ ಎಂದಿತು. ಈ ಗಾಡಿ ಹೇಳುವುದೊಂದು ಬಾಕಿ ಇತ್ತು ನೋಡಿ!

ಮಾದರಿಯ ವಿಷಯವನ್ನೂ ಹನ್ನೊಂದು ಸಾವಿರ ಆಸನದ ವಿಷಯವನ್ನೂ ಅವಳು ಸತ್ತೂರು ಬರುವುದರೊಳಗೆ ಅವರಿಗೆ ಹೇಳಿದಳು. ಇವತ್ತು ಮುಚ್ಚುತ್ತೇನೆ, ನಿಜವಾದ ತಾರೀಖು ಬರೆಯುತ್ತೇನೆ, ನಿಮಗೆ ತೊಂದರೆ ಆಗುತ್ತದೆ ಎಂದೂ ಹೇಳಿದಳು. ವಿಠ್ಠಲಸಾ ತಲೆ ತಗ್ಗಿಸಿದ. ದಾವಲಸಾಬ ಬರಿದಾದ ಎಡಗೈಯನ್ನು ಉಜ್ಜಿಕೊಂಡ. ನಾಲ್ಕು ತಿಂಗಳಲ್ಲಿ ಅಲ್ಲಿ ಒಂದು ಬಿಳಿಯ ಗೆರೆ ಬಿದ್ದಿತ್ತು.

"ಮುಚ್ಚಿಬಿಡು ತಂಗಿ," ಎಂದ. "ನಮ್ಮ ಕೈಲೆ ಆಗಲಿಲ್ಲ. ನಿನ್ನ ಕೈಲಾದ್ರೂ ಆಗಲಿ."

ಮಧ್ಯಾಹ್ನ ಅವಳು ಕೋಣೆಗೆ ಬಂದಾಗ ಉಪಾಧ್ಯೆ ಕಂಗಾಲಾಗಿ ಕೂತಿದ್ದ. ತೊಂಬತ್ತಮೂರು ಒಂದೇ ಬೆಳಗಿನಲ್ಲಿ ಮೂವತ್ತೊಂಬತ್ತಕ್ಕೆ ಇಳಿದಿತ್ತು. ನಾಲ್ಕನೇ ಬಳಿ ಕೆಟ್ಟದ ಅಕ್ಕಾರ, ಬ್ಯಾರೆ ಕಳಸೋಣ ಎಂದ.

"ಬಳಿ ಕೆಟ್ಟಿಲ್ಲ ಸರ್," ಎಂದು ಅವಳು ತನ್ನ ಕೈ ಮೇಜಿನ ಮೇಲಿಟ್ಟಳು. "ಅದು ನನ್ನ ನಾಡಿ."

ಅವನು ಬಳೆಯ ಮೇಲಿನ ಹೆಸರು ಓದಿದ. ಅವಳ ಮುಖ ನೋಡಿದ. ಸಾವಿಗೆ ಬಂದು ಮಣ್ಣು ಹಾಕಿ ಹೋದವರಲ್ಲಿ ಅವನೂ ಒಬ್ಬ. ಎದ್ದು ತನ್ನ ಕುರ್ಚಿಯನ್ನು ಅವಳ ಮೇಜಿನ ಪಕ್ಕಕ್ಕೆ ಎಳೆದುಕೊಂಡ. ಮುಖ್ಯ ಕಚೇರಿಗೆ ಏನು ಬರೆಯಬೇಕೋ ನಾನು ಬರಿತೀನಿ ಎಂದ. ಅಂಕಿಯ ಮಾತು ಎತ್ತಲಿಲ್ಲ.

ಅವಳು ಆಸನ ತೆರೆದಳು. ಕಾರಣ ಎಂದಿದ್ದಲ್ಲಿ ಮರಣ ಎಂದು ಹಾಕಿದಳು. ತಾರೀಖು ಎಂದಿದ್ದಲ್ಲಿ ಆ ರವಿವಾರದ ತಾರೀಖು ಹಾಕಿದಳು. ಮುಚ್ಚಲೇ ಎಂದು ಯಂತ್ರ ಕೇಳಿತು. ಒತ್ತಿದಳು. ಪರದೆಯ ಮೇಲೆ ಒಂದು ಚುಕ್ಕೆ ಆರಿತು. ಹನ್ನೊಂದು ಸಾವಿರದಲ್ಲಿ ಒಂದು ಹೋದದ್ದು ಯಾರ ಕಣ್ಣಿಗೂ ಬೀಳುವ ಹಾಗಿರಲಿಲ್ಲ.

ಹೊಸ ಜೋಡಣೆಯನ್ನು ಕೈಬಿಟ್ಟರು. ತಾಂತ್ರಿಕ ಕಾರಣ ಎಂದು ಪ್ರಕಟಣೆ ಬಂತು, ರಾಯಾಪುರದ ಹೆಣ್ಣುಮಕ್ಕಳು ಏನೂ ಅರಿಯದೆ ಹಾಡುತ್ತ ಹೋದರು. ನಾನೂರ ಹದಿನೇಳು ಒಡೆಯಿತು. ಮೂವರಿಗೂ ಆರು ತಿಂಗಳು ಸಹಗಾಡಿ ಇಲ್ಲ. ಶಿವಲೀಲಾಳನ್ನು ಪರದೆಯ ಮುಂದಿನಿಂದ ಎಬ್ಬಿಸಿ ಕೆಳಗಿನ ಮಹಡಿಗೆ, ಗಾಡಿಗಳಲ್ಲಿ ಮರೆತುಹೋದ ಛತ್ರಿ ಚೀಲಗಳ ಕೋಣೆಗೆ ಹಾಕಿದರು, ಬೆಳಗ್ಗೆ ಎಂಟರಿಂದ ಪಾಳಿ. ಅವಳು ಸರಿ ಎಂದಳು. ಏನೂ ಅನಿಸಲಿಲ್ಲ, ಆಗಲೂ.

ಆ ಶನಿವಾರ ವಿಠ್ಠಲಸಾ ಜೋಳದ ಚೀಲವನ್ನು ಹೊತ್ತು ಮನೆಗೆ ತಂದ. ಅಂಗಡಿಯಲ್ಲಿ ಮಾರಲು ಅಣ್ಣನಿಗೆ ಮನಸ್ಸಿಲ್ಲ, ಎಸೆಯಲು ತನಗೆ ಮನಸ್ಸಿಲ್ಲ ಎಂದ. ಹುಳ ಬಿದ್ದಾವ್ರೀ ವೈನಿ ಎಂದು ಇಳಿಸಿ ಹೋದ. ಅದು ಏನು ಜೋಳ, ಎಲ್ಲೆಲ್ಲಿ ಓಡಾಡಿ ಬಂದ ಜೋಳ ಎಂದು ಶಿವಲೀಲಾ ಅತ್ತೆಗೆ ಹೇಳಿದಳು. ನೀಲವ್ವ ಬಾಯಿ ತೆರೆದುಕೊಂಡು ಕೇಳಿದಳು. ಆಮೇಲೆ ಮೊರ ತರಿಸಿಕೊಂಡು, ರವಿವಾರ ಇಡೀ ಹಗಲು ಅಂಗಳದಲ್ಲಿ ಕೂತು, ಒಂದೊಂದು ಹುಳ ಹಿಡಿದು ತೆಗೆದು ಹಸನು ಮಾಡಿದಳು. ಮಗನ ಜಾಗಾದಾಗ ಕುಂತ ಬಂದದ್ದು, ಕೇರಿ ಚೆಲ್ಲಾಕ ಬರೂದಿಲ್ಲ ಎಂದಳು. ಸೊಸೆ ಹಿಟ್ಟು ಹಾಕಿಸಿಕೊಂಡು ಬಂದಳು.

ಸೋಮವಾರ ನಾಲ್ಕೂವರೆಗೆ ಹಂಚು ಒಲೆ ಏರಿತು. ಮೊದಲ ರೊಟ್ಟಿ ಹರಿಯಿತು, ಕೈ ಮರೆತಿತ್ತು. ಎರಡನೆಯದಕ್ಕೆ ಬಂತು. ಆರು ಬಡಿದು, ಹಿಂಡಿ ಕಟ್ಟಿಕೊಂಡು, ಏಳು ಹತ್ತರ ಬಸ್ಸಿಗೆ ಹೊರಟಳು. ಆ ಮೂವರೂ ಈಗ ಅದೇ ಬಸ್ಸಿಗೆ ಹೋಗುವವರು. ಕೂರಲು ಜಾಗವಿಲ್ಲ, ನಾಲ್ವರೂ ಕಂಬ ಹಿಡಿದು ನಿಂತರು. ಗಂಟು ಕಂಡು ಕಸ್ತೂರಿ ಕೈ ಚಾಚಿದಳು. ಕೆರಿ ಬರಲಿ ತಡಿ, ಎಂದಳು ಶಿವಲೀಲಾ.

ಕೆರೆ ಬಂತು. ನೂಕುನುಗ್ಗಲಿನಲ್ಲೇ ಗಂಟು ಬಿಚ್ಚಿದಳು. ಮೂವರೂ ಒಂದೊಂದು ಕೈಯಲ್ಲಿ ಕಂಬ ಹಿಡಿದಿದ್ದರಿಂದ ಕೈ ಮುಗಿಯಲಾಗದೆ ಒಂದೇ ಕೈಯನ್ನು ಹಣೆಗೆ ಮುಟ್ಟಿಸಿಕೊಂಡರು. ದಾವಲಸಾಬ ರೊಟ್ಟಿ ಮುರಿದು ಹಿಂಡಿ ಹಚ್ಚಿ ಬಾಯಿಗಿಟ್ಟ. ಅಗಿದ. ಅವಳ ಮುಖ ನೋಡಲಾಗದೆ ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಹೇಳಿದ.

"ಏನಾರ ಅನ್ನು ತಂಗಿ, ಉಪ್ಪ ಮಾತ್ರ ಕಮ್ಮಿ ಆಗೇತಿ."

ಕಸ್ತೂರಿ ನಕ್ಕಳು, ವಿಠ್ಠಲಸಾ ನಕ್ಕ, ಶಿವಲೀಲಾಳೂ ನಕ್ಕಳು. ನಗುತ್ತ ನಗುತ್ತ ಅವಳಿಗೆ ಅಳು ಬಂತು, ಬಂದದ್ದು ನಿಲ್ಲಲಿಲ್ಲ. ಗುರುತಿಲ್ಲದ ಯಾರೋ ಒಬ್ಬಳು ಎದ್ದು ಜಾಗ ಕೊಟ್ಟಳು. ನವನಗರ ಬಂತು, ಅವಳ ಕಚೇರಿ ಹಿಂದೆ ಉಳಿಯಿತು, ಇಳಿಯುವುದನ್ನು ಅವರಾರೂ ನೆನಪು ಮಾಡಲಿಲ್ಲ. ಬಸ್ಸಿನಲ್ಲಿ ಯಾರ ಕೈಗೂ ನಾಡಿಬಳೆ ಇರಲಿಲ್ಲ. ಅವಳು ಧಾರವಾಡದವರೆಗೂ ಅತ್ತಳು.